ಗೋಡೆಯೊಳಗಿನ ಜಾಯಿಂಟು

ಗಂಗಲಕ್ಷ್ಮಮ್ಮ ಸಾಂಬ್ರಾಣಿ ಪುಡಿಯನ್ನು ಇನ್ನೂ ಮುಷ್ಟಿಯಲ್ಲೇ ಹಿಡಿದಿದ್ದಳು. ಅಷ್ಟರಲ್ಲೇ ಮಂಚದ ಮೇಲಿದ್ದ ಮಗಳು ಅನಿತ ಕೆಮ್ಮತೊಡಗಿದಳು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ತುಂಬಿ, ತಲೆಗೆ ಕಟ್ಟಿದ್ದ ಬಟ್ಟೆಯ ತುದಿಯಿಂದ ಮೂಗು ಮುಚ್ಚಿಕೊಂಡು, ಇನ್ನೊಂದು ಕೈಯಲ್ಲಿ ಬಾಗಿಲು ತೋರಿಸಿದಳು. ಪಕ್ಕದಲ್ಲಿ ಮಲಗಿದ್ದ ಕೂಸು ಮುಖ ಕಿವುಚಿ, ಉಸಿರು ಕಟ್ಟಿದಂತೆ ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ಚೀರಿತು.

ಕೋಣೆಯ ನಡುವೆ ಕಬ್ಬಿಣದ ಬಾಣಲೆಯಲ್ಲಿ ಕೆಂಡ ನಿಗಿನಿಗಿ ಅನ್ನುತ್ತಿತ್ತು. ಹಂಡೆ ಒಲೆಯಿಂದ ಆಗತಾನೇ ತಂದ ಕೆಂಡ. ಗಂಗಲಕ್ಷ್ಮಮ್ಮನ ಗಂಟಲಿಗೂ ಏನೋ ಚುಚ್ಚಿತು. ಅದು ಹೊಗೆಯ ಘಾಟಲ್ಲ, ಯಾಕೆಂದರೆ ಹೊಗೆಯೇ ಇನ್ನೂ ಎದ್ದಿರಲಿಲ್ಲ. ಬಚ್ಚಲು ತೊಳೆಯಲು ಆಸಿಡ್ ಸುರಿದಾಗ ಮೂಗಿನ ಬುಡಕ್ಕೆ ಹತ್ತುವಂಥ ಘಾಟು. ಅವಳು ಬಾಣಲೆಯನ್ನು ಇಕ್ಕಳದಲ್ಲಿ ಎತ್ತಿ ಬಾಗಿಲಾಚೆ ಹಜಾರದಲ್ಲಿಟ್ಟು ಬಂದಳು. ಮುಷ್ಟಿ ಬಿಚ್ಚಿ ನೋಡಿದರೆ ಸಾಂಬ್ರಾಣಿ ಹಾಗೇ ಇತ್ತು.

ಈ ಕೆಮ್ಮು ಹೊಸದಲ್ಲ. ಮೊದಮೊದಲು ಸಾಂಬ್ರಾಣಿಯಲ್ಲೇ ಕಲಬೆರಕೆ ಇದೆ ಎಂದು ಅಂಗಡಿಯವನನ್ನು ಬೈದು, ಬೇರೆ ಅಂಗಡಿಯಿಂದ ತರಿಸಿದ್ದಳು. ಆಮೇಲೆ ಕೂಸಿಗೆ ದೃಷ್ಟಿ ತಾಗಿದೆ ಎಂದು ಪಕ್ಕದ ಮನೆಯವರು ಹೇಳಿದ್ದರಿಂದ ಉಪ್ಪು, ಮೆಣಸಿನಕಾಯಿ ಇಳಿದೆಗೆದು ಅದೇ ಕೆಂಡಕ್ಕೆ ಹಾಕಿದ್ದಳು. ಕೂಸು ಇನ್ನಷ್ಟು ಅತ್ತಿತ್ತು. ಕೂಸು ಅತ್ತಷ್ಟೂ ದೃಷ್ಟಿ ಜೋರಾಗಿದೆ ಎಂದು ಕೆಂಡ ಇನ್ನಷ್ಟು ಬಂದಿತ್ತು. ಈವತ್ತು ಮಾತ್ರ ಹೊಗೆ ಹಾಕುವ ಮೊದಲೇ ಕೆಮ್ಮು ಬಂದಿತ್ತು. ಹಾಗಾದರೆ ಸಾಂಬ್ರಾಣಿಯದೂ ತಪ್ಪಲ್ಲ, ದೃಷ್ಟಿಯದೂ ತಪ್ಪಲ್ಲ. ಮತ್ಯಾವುದರದು ಎಂದು ಅವಳಿಗೆ ತಿಳಿಯಲಿಲ್ಲ. ತಿಳಿಯದೆ ಇರುವುದೇ ಸಿಟ್ಟು ತರಿಸಿತು.

ಮೇಲೆ ಗೋಡೆಗೆ ನೇತುಹಾಕಿದ್ದ ಎಸಿ ಸುಮ್ಮನೆ ಗಾಳಿ ಬಿಡುತ್ತಿತ್ತು. ತಂಪಿನ ಗಾಳಿಯಲ್ಲ, ಬರೀ ಗಾಳಿ.

ದೊಡ್ಡಬಳ್ಳಾಪುರದ ಈ ಬೀದಿಯಲ್ಲಿ ಮನೆಗೊಂದು ಮಗ್ಗದ ಶೆಡ್ಡು. ಮುಂದೆ ಮನೆ, ಹಿಂದೆ ಪವರ್‌ಲೂಮು, ಎರಡಕ್ಕೂ ನಡುವೆ ಒಂದೇ ಗೋಡೆ. ಮಗ್ಗ ಓಡುವಷ್ಟು ಹೊತ್ತೂ ಆ ಗೋಡೆ ಜುಮ್ಮೆನ್ನುತ್ತಲೇ ಇರುತ್ತದೆ. ಅದಕ್ಕೆ ಹೊಡೆದ ಮೊಳೆ ಹೆಚ್ಚು ದಿನ ನಿಲ್ಲುವುದಿಲ್ಲ, ತೂಗುಹಾಕಿದ ಫೋಟೋ ನೆಟ್ಟಗಿರುವುದಿಲ್ಲ. ಇಲ್ಲಿ ಹುಟ್ಟಿದ ಮಕ್ಕಳಿಗೆ ಆ ಸದ್ದೇ ಜೋಗುಳ, ಮಗ್ಗ ನಿಂತರೆ ಎಚ್ಚರವಾಗುತ್ತವೆ. ಗಂಗಲಕ್ಷ್ಮಮ್ಮನ ಗಂಡ ಕೋದಂಡರಾಮಯ್ಯನ ಮನೆಯಲ್ಲಿ ಬಾಣಂತಿಗೆ ಕೊಟ್ಟ ಕೋಣೆ ಆ ಗೋಡೆಗೇ ಅಂಟಿಕೊಂಡಿತ್ತು. ಮೊದಲು ಅದು ಸೀರೆಯ ಗಂಟುಗಳನ್ನು ಇಡುವ ಕೋಣೆಯಾಗಿತ್ತು.

ಎಸಿ ಹಾಕಿಸಿದ್ದು ಅಳಿಯ. ಬೇಸಗೆಯಲ್ಲಿ ಹೆರಿಗೆ, ಪಕ್ಕದಲ್ಲಿ ತಗಡಿನ ಶೆಡ್ಡು, ಅನಿತಳ ಹೊಟ್ಟೆಯ ಹೊಲಿಗೆ ಬೆವರಿಗೆ ನಂಜಾಗಬಾರದು ಎಂದು ಅವನು ಹಟ ಹಿಡಿದ. ಬಾಣಂತಿಗೆ ತಂಡಿ ಮಾಡುವ ಯಂತ್ರ ಯಾಕೆ ಎಂದು ಗಂಗಲಕ್ಷ್ಮಮ್ಮ ಜಗಳವಾಡಿದಳು. ಕೊನೆಗೆ ಒಂದು ಒಪ್ಪಂದವಾಯಿತು. ಎಸಿ ಇರಲಿ, ಆದರೆ ಸಣ್ಣದಾಗಿ ಓಡಲಿ. ಕಿಟಕಿ ಮುಚ್ಚಿರಲಿ, ಬೆಳಿಗ್ಗೆ ಸಂಜೆ ಕೋಣೆಗೆ ಕೆಂಡ ಬರಲಿ. ಕಿಟಕಿಯ ಸಂದಿಗಳಿಗೆ ಹಳೆಯ ಸೀರೆಯ ಪಟ್ಟಿ ತುರುಕಿದವಳೂ ಅವಳೇ.

ಹೊರಗಿಡುವ ಪೆಟ್ಟಿಗೆ ಎಲ್ಲಿ ಎಂಬ ಪ್ರಶ್ನೆ ಬಂದಾಗ ಕೋದಂಡರಾಮಯ್ಯ ಬಾಯಿ ಹಾಕಿದ. ಕೋಣೆಯ ಮುಂಗೋಡೆಯ ಆಚೆಗೇ ಇಟ್ಟಿದ್ದರೆ ಒಂದು ಮಾರು ಪೈಪಿನಲ್ಲಿ ಕೆಲಸ ಮುಗಿಯುತ್ತಿತ್ತು. ಆದರೆ ಆ ಗೋಡೆಗೆ ಅವನು ಹೊಸದಾಗಿ ಟೈಲ್ಸ್ ಹಾಕಿಸಿದ್ದ. ಸೀರೆ ವ್ಯಾಪಾರಿಗಳು ಬಂದು ಕೂರುವ ಜಗಲಿಯೂ ಅಲ್ಲೇ. ಮುಖಕ್ಕೆ ಬಿಸಿಗಾಳಿ ಊದುವ ಪೆಟ್ಟಿಗೆ ಜಗಲಿಯಲ್ಲಿ ಬೇಡ, ಶೆಡ್ಡಿನ ಹಿಂದಕ್ಕೆ ಒಯ್ಯಿರಿ, ಪೈಪು ಗೋಡೆಯೊಳಗೆ ಹೋಗಲಿ, ಕಣ್ಣಿಗೆ ಕಾಣಿಸಬಾರದು ಎಂದ. ಎಸಿ ಅಂಗಡಿಯ ಜಯಕುಮಾರ್ ಅವನಿಗೆ ಬೇಕಾದವನು. ಆಗಬಹುದಣ್ಣ ಎಂದ. ಮಗ್ಗದ ಗೋಡೆಯಲ್ಲಿ ಉದ್ದಕ್ಕೆ ಕಾಲುವೆಯಂತೆ ಗಾಡಿ ಕೊರೆದು, ಕಪ್ಪು ಸ್ಪಂಜು ಸುತ್ತಿದ ತಾಮ್ರದ ಪೈಪುಗಳನ್ನು ಮಲಗಿಸಿ, ಗಾರೆ ಮೆತ್ತಿ, ಬಣ್ಣ ಹೊಡೆದು ಕೊಟ್ಟರು. ನೋಡಿದವರೆಲ್ಲ ಪೈಪೇ ಕಾಣುವುದಿಲ್ಲವಲ್ಲ ಎಂದು ಹೊಗಳಿದರು.

ಕೆಲವೇ ದಿನಕ್ಕೆ ತಂಪು ನಿಂತಿತು. ಗ್ಯಾಸ್ ಕಡಿಮೆಯಾಗಿದೆ ಎಂದು ಅಂಗಡಿಯಿಂದ ಕೆಂಪರಾಜು ಬಂದು ತುಂಬಿಸಿ ಹೋದ. ಮತ್ತೆ ನಿಂತಿತು, ಮತ್ತೆ ಬಂದು ತುಂಬಿಸಿದ. ಈವತ್ತು ಮೂರನೆಯ ಸಲ ಬರುವವನಿದ್ದ.

ಕೆಂಪರಾಜು ಕುಂದಾಣದ ಕಡೆಯವನು. ಮೂವತ್ತು ದಾಟಿದ ಗಂಡಸು, ಮಾತು ಕಡಿಮೆ. ಹೆಗಲ ಮೇಲೆ ಗ್ಯಾಸಿನ ಸಣ್ಣ ಸಿಲಿಂಡರು ಹೊತ್ತು ಹಜಾರಕ್ಕೆ ಬಂದವನು ಬಾಣಲೆಯನ್ನು ಕಂಡದ್ದೇ ಎರಡು ಹೆಜ್ಜೆ ಹಿಂದೆ ಸರಿದ.

"ಅಮ್ಮಾ, ಆ ಕೆಂಡ ಮೊದ್ಲು ಆಚೆ ತಗೊಂಡೋಗಿ. ಗ್ಯಾಸ್ ಬಿಡೋವಾಗ ಹತ್ರದಲ್ಲಿ ಬೆಂಕಿ ಇರಬಾರ್ದು."

ಗಂಗಲಕ್ಷ್ಮಮ್ಮ ಬಾಣಲೆಯನ್ನು ಹಿತ್ತಲಿಗೆ ಒಯ್ದು ಕೆಂಡದ ಮೇಲೆ ಒಂದು ಚೊಂಬು ನೀರು ಸುರಿದಳು. ಚುಂಯ್ ಎಂದು ಆವಿ ಎದ್ದಿತು. ಅವಳು ಅಲ್ಲೇ ನಿಂತುಬಿಟ್ಟಳು. ಅವನ ಮಾತು ಗಂಟಲಲ್ಲಿ ಸಿಕ್ಕ ಮೀನಿನ ಮುಳ್ಳಿನಂತೆ ಕೆಳಗೂ ಇಳಿಯಲಿಲ್ಲ, ಮೇಲಕ್ಕೂ ಬರಲಿಲ್ಲ. ಒಳಗೆ ಬಂದಾಗ ಕೆಂಪರಾಜು ಸ್ಟೂಲು ಹತ್ತಿ ಎಸಿಯ ಮುಚ್ಚಳ ತೆಗೆಯುತ್ತಿದ್ದ.

"ಏನಪ್ಪಾ, ಬೆಂಕಿ ಯಾಕೆ ಇರಬಾರ್ದು?"

ಈಗಿನ ಎಸಿಗಳಿಗೆ ಹಾಕುವ ಗ್ಯಾಸು ಸ್ವಲ್ಪ ಬೆಂಕಿ ಹಿಡಿಯುವ ಜಾತಿಯದು ಎಂದು ಅವನು ತಿರುಗದೆಯೇ ಹೇಳಿದ. ಸುಮ್ಮಸುಮ್ಮನೆ ಹತ್ತಿಕೊಳ್ಳುವುದಿಲ್ಲ, ಆದರೂ ಕೆಂಡಕ್ಕೆ ತಾಗಿದರೆ ಕೆಟ್ಟ ಘಾಟಾಗುತ್ತದೆ, ಎದೆಗೆ ಒಳ್ಳೆಯದಲ್ಲ ಎಂದ. ಹೇಳಿದ ಮೇಲೆ, ಹೇಳಬಾರದಿತ್ತು ಅನ್ನಿಸಿತೋ ಏನೋ, ಕೈ ನಿಧಾನವಾಯಿತು.

"ಹೋದ್ಸಲ ಹಾಕಿದ್ಯಲ್ಲ ಗ್ಯಾಸು. ಅದು ಎಲ್ಲೋಯ್ತು?"

"ಕಡಿಮೆ ಆಯ್ತದೆ ಅಮ್ಮ. ಓಡ್ತಾ ಓಡ್ತಾ ಖರ್ಚಾಯ್ತದೆ."

"ನಮ್ಮ ಅಡಿಗೆಮನೆ ಫ್ರಿಜ್ಜು ಅನಿತ ಇಸ್ಕೂಲಿಗೆ ಹೋಗೋವಾಗ ತಂದಿದ್ದು. ಹಗಲೂ ರಾತ್ರಿ ಓಡ್ತದೆ. ಅದಕ್ಕೆ ಇವತ್ತಿನವರೆಗೂ ಯಾರೂ ಗ್ಯಾಸ್ ಹಾಕಿಲ್ಲ. ಅದಕ್ಕೆ ಖರ್ಚಾಗದೆ ಇರೋದು ಇದಕ್ಕೆ ಹೆಂಗೆ ಖರ್ಚಾಯ್ತು?"

ಕೆಂಪರಾಜು ಮುಚ್ಚಳವನ್ನು ಕೈಯಲ್ಲಿ ಹಿಡಿದುಕೊಂಡು ಸ್ಟೂಲಿನ ಮೇಲೇ ನಿಂತ. ಎಲ್ಲೋ ಸಣ್ಣದಾಗಿ ಲೀಕ್ ಇರಬಹುದು ಎಂದು ಗೊಣಗಿದ.

"ನೀನು ಹಾಕೋವಾಗ ಬೆಂಕಿ ಇರಬಾರ್ದು. ಹಾಕಿ ಹೋದ್ಮೇಲೆ ಸೋರೋವಾಗ ಇರಬೋದಾ? ನಾನು ಈ ಕೋಣೆಗೆ ದಿನಾ ಎರಡೊತ್ತು ಕೆಂಡ ತಂದಿಟ್ಟಿದ್ದೀನಿ. ನೀನೂ ನೋಡಿದ್ದೀಯ. ಒಂದು ಮಾತು ಹೇಳಕ್ಕೆ ಏನಾಗಿತ್ತು ನಿಂಗೆ?"

ಅವಳು ಕೂಗಲಿಲ್ಲ. ಕೂಗಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಅವಳು ಕಿಟಕಿಯ ಹತ್ತಿರ ಹೋಗಿ ಸಂದಿಯ ಬಟ್ಟೆಗಳನ್ನು ಸರಕ್ಕನೆ ಎಳೆದು ನೆಲಕ್ಕೆ ಎಸೆದಳು. ಕಿಟಕಿಯ ಎರಡೂ ಬಾಗಿಲು ತೆರೆದಳು. ಕೂಸನ್ನು ಎತ್ತಿಕೊಂಡು, ಮಗಳನ್ನು ತೋಳು ಹಿಡಿದು ನಡೆಸಿಕೊಂಡು ಹೋಗಿ, ಗಾಳಿಯಾಡುವ ಮುಂದಿನ ಜಗಲಿಯಲ್ಲಿ ಚಾಪೆಯ ಮೇಲೆ ಕೂರಿಸಿದಳು. ಬಾಣಂತಿ ಬೀದಿಗೆ ಕಾಣುವ ಹಾಗೆ ಕೂತಿದ್ದಾಳೆ ಎಂದು ಎದುರು ಮನೆಯವಳು ಮೂಗಿನ ಮೇಲೆ ಬೆರಳಿಟ್ಟಳು. ಗಂಗಲಕ್ಷ್ಮಮ್ಮ ಅವಳ ಕಡೆ ನೋಡಲೂ ಇಲ್ಲ.

ಮತ್ತೆ ಒಳಗೆ ಬಂದು, ಲೀಕ್ ಎಲ್ಲಿದೆ ತೋರಿಸುವವರೆಗೆ ಹೊಸ ಗ್ಯಾಸು ಈ ಮನೆಯೊಳಗೆ ಬರಕೂಡದು ಎಂದಳು. ಕೆಂಪರಾಜು ಸೋಪಿನ ನೀರು ಕೇಳಿದ. ನೊರೆ ಬರಿಸಿ, ಬ್ರಷ್ಷನ್ನು ಅದ್ದಿ ಎಸಿಯ ಹಿಂದಿನ ನಟ್ಟುಗಳಿಗೆ ಬಳಿದ. ಗುಳ್ಳೆ ಬರಲಿಲ್ಲ. ಶೆಡ್ಡಿನ ಹಿಂದೆ ಹೋಗಿ ಪೆಟ್ಟಿಗೆಯ ಹತ್ತಿರದ ನಟ್ಟುಗಳಿಗೂ ಬಳಿದ, ಅಲ್ಲೂ ಗುಳ್ಳೆ ಬರಲಿಲ್ಲ. ಎಲ್ಲ ಸರಿಯಾಗಿದೆಯಲ್ಲಮ್ಮ ಎಂದು ಅವನು ಬ್ರಷ್ಷನ್ನು ಕೊಡವಿದ. ದನಿಯಲ್ಲಿ ಹಗುರವೇನೂ ಇರಲಿಲ್ಲ.

ಎರಡು ತುದಿಯೂ ಸರಿ ಇದ್ದು ಗ್ಯಾಸು ಮಾತ್ರ ಹೋಗುತ್ತಿದೆಯೆಂದರೆ ನಡುವೆ ಹೋಗಬೇಕು. ಇಷ್ಟು ಹೊಳೆಯಲು ಅವಳಿಗೆ ಯಾವ ಓದೂ ಬೇಕಿರಲಿಲ್ಲ. ನೀರಿನ ಪೈಪು ಸೋರಿದರೂ ಹೀಗೇ ಅಲ್ಲವೇ ನೋಡುವುದು.

"ಗೋಡೆ ಒಳಗೆ ಪೈಪು ಒಂದೇನಾ, ಇಲ್ಲ ಎರಡು ತುಂಡಾ?"

ಕೆಂಪರಾಜುವಿನ ಕಣ್ಣು ಮಂಚದ ತಲೆಯ ಕಡೆಗೆ, ಕ್ಯಾಲೆಂಡರ್ ತೂಗುಹಾಕಿದ್ದ ಜಾಗಕ್ಕೆ ಹೋಗಿ ಬಂತು. ಗಂಗಲಕ್ಷ್ಮಮ್ಮ ಅದನ್ನು ನೋಡಿದಳು.

ಆ ಕ್ಯಾಲೆಂಡರಿನ ಕೆಳಗೆ ಗೋಡೆಯ ಮೇಲೊಂದು ಜಿಡ್ಡಿನ ಕಲೆ ಇತ್ತು. ಅಂಗೈಯಗಲ. ಬಾಣಂತಿಯ ನೆತ್ತಿಗೆ ದಿನಾ ಹರಳೆಣ್ಣೆ ತಟ್ಟುತ್ತಾರೆ, ಅವಳು ಮಂಚದಲ್ಲಿ ಗೋಡೆಗೊರಗಿ ಕೂತು ಮೊಲೆಯೂಡಿಸುತ್ತಾಳೆ. ಎಣ್ಣೆತಲೆ ತಾಗಿಸಿ ಹೊಸ ಬಣ್ಣ ಕೆಡಿಸಿದೆ ಎಂದು ಗಂಗಲಕ್ಷ್ಮಮ್ಮ ಮಗಳನ್ನು ಗದರಿದ್ದಳು. ನಾನಲ್ಲಮ್ಮ ಎಂದು ಅನಿತ ಹೇಳಿದ್ದರೂ ಕೇಳಿರಲಿಲ್ಲ. ಸೀಗೆಪುಡಿ ಹಾಕಿ ಒರೆಸಿದ್ದಳು. ಒರೆಸಿದ ಮಾರನೆಯ ದಿನ ಕಲೆ ಮತ್ತೆ ಬಂದಿತ್ತು.

ಈಗ ಅವಳು ಕ್ಯಾಲೆಂಡರನ್ನು ಮೊಳೆಯಿಂದ ತೆಗೆದಳು. ಕಲೆ ಕೆಳಗಿನಿಂದ ಶುರುವಾಗಿರಲಿಲ್ಲ. ಮೇಲೆ, ಅನಿತ ಮಂಚದ ಮೇಲೆ ಎದ್ದು ಮಂಡಿಯೂರಿದರೂ ತಲೆ ಎಟುಕದಷ್ಟು ಮೇಲೆ, ಗಾರೆಯೊಳಗಿನಿಂದ ಎಣ್ಣೆ ಒಸರಿ ಗೆರೆಯಾಗಿ ಇಳಿದಿತ್ತು. ಅವಳು ಬೆರಳಿನಿಂದ ಮುಟ್ಟಿ ಮೂಸಿದಳು. ಹರಳೆಣ್ಣೆಯ ವಾಸನೆ ಇರಲಿಲ್ಲ.

"ಗ್ಯಾಸಿನ ಜೊತೆ ಮಿಷಿನ್ ಎಣ್ಣೇನೂ ಬತ್ತದೆ ಅಮ್ಮ," ಎಂದ ಕೆಂಪರಾಜು. ಆಮೇಲೆ ನೆಲ ನೋಡುತ್ತಾ ಉಳಿದದ್ದನ್ನೂ ಹೇಳಿದ. ಪೆಟ್ಟಿಗೆಯ ಜೊತೆ ಬಂದ ಪೈಪು ಶೆಡ್ಡಿನ ಹಿಂದಕ್ಕೆ ಎಟುಕಲಿಲ್ಲ. ಉದ್ದನೆಯ ಒಂದೇ ಪೈಪು ಬೇಕು ಎಂದು ಅವನು ಅಂಗಡಿಗೆ ಫೋನ್ ಮಾಡಿದ್ದ. ಇನ್ನೊಂದು ಮನೆಯವರು ಕಾಯುತ್ತಿದ್ದಾರೆ, ಅಲ್ಲಿರುವ ತುಂಡು ಸೇರಿಸಿ ಮುಗಿಸು ಎಂದು ಹೇಳಿದರು. ಸೇರಿಸಿದ. ಗಾರೆ ಹಾಕುವ ಮೊದಲು ನೈಟ್ರೋಜನ್ ತುಂಬಿ, ಗಡಿಯಾರದಂಥ ಮೀಟರಿನ ಮುಳ್ಳು ಇಳಿಯುತ್ತದೋ ಇಲ್ಲವೋ ಎಂದು ಒಂದು ದಿನ ಬಿಟ್ಟು ನೋಡಬೇಕಿತ್ತು. ಅದನ್ನೂ ನೋಡಲಿಲ್ಲ.

"ಕೂಸಿನ ತಲೆ ಮೇಲೆ," ಎಂದಳು ಗಂಗಲಕ್ಷ್ಮಮ್ಮ. "ಸರಿಯಾಗಿ ಕೂಸಿನ ತಲೆ ಮೇಲೆ ತಂದಿಟ್ಟು ಗಾರೆ ಮೆತ್ತಿ ಹೋಗಿದ್ದೀರ."

ಅವಳು ಶೆಡ್ಡಿನ ಬಾಗಿಲಿಗೆ ಹೋಗಿ ಗಂಡನನ್ನು ಕರೆದಳು. ಮಗ್ಗಗಳ ಸದ್ದಿನಲ್ಲಿ ಕೇಳಿಸದೆ, ಕೈ ಬೀಸಿ ಕರೆಯಬೇಕಾಯಿತು. ಕೋದಂಡರಾಮಯ್ಯ ಬಂದ. ತಲೆಯ ಮೇಲೆ, ಹುಬ್ಬಿನ ಮೇಲೆ ನೂಲಿನ ಧೂಳು. ವಿಷಯ ಕೇಳಿದವನು ಮೊದಲು ಮಾಡಿದ್ದು ಜಯಕುಮಾರನಿಗೆ ಫೋನು. ಆ ಕಡೆಯಿಂದ ಬಂದ ಮಾತನ್ನು ಹೂಂ, ಹೂಂ ಎಂದು ಕೇಳಿಸಿಕೊಂಡು, ಫೋನು ಜೇಬಿಗಿಟ್ಟು, ಜಯಕುಮಾರ್ ತಾನೇ ಬರುತ್ತಾನಂತೆ, ಸದ್ಯಕ್ಕೆ ಗ್ಯಾಸು ತುಂಬಿಸಿಕೊಂಡು ಓಡಿಸಿ ಅಂದ, ನಾಮಕರಣ ಮುಗಿದ ಮೇಲೆ ಗೋಡೆ ನೋಡೋಣ ಎಂದ.

"ನಾಮಕರಣ ಮುಗಿಯೋವರೆಗೂ ಕೂಸು ಏನನ್ನ ಉಸಿರಾಡಬೇಕು?"

ಕೆಂಡ ತರಬೇಡ, ಅಷ್ಟೇ ತಾನೇ, ಎಂದ ಅವನು. ಮಾತು ಅಲ್ಲಿಗೆ ಮುಗಿಯಿತು ಎಂದುಕೊಂಡು ಶೆಡ್ಡಿನ ಕಡೆ ತಿರುಗಿದವನು ಮತ್ತೆ ನಿಂತು, ಬೀಗರು ಬರುವ ಹೊತ್ತಿಗೆ ಒಡೆದ ಗೋಡೆ ತೋರಿಸಿದರೆ ಏನಂದುಕೊಳ್ಳುತ್ತಾರೆ, ಅಳಿಯ ಆಸೆಪಟ್ಟು ಕೊಡಿಸಿದ್ದು, ಬಾಣಂತಿ ಕೋಣೆಯಲ್ಲಿ ಸುತ್ತಿಗೆ ಹಿಡಿಯುವುದು ಒಳ್ಳೆಯದಲ್ಲ ಎಂದು ಒಂದೊಂದೇ ಪೋಣಿಸಿದ.

ಅವಳ ಮೈ ಉರಿಯಿತು. ಮದುವೆಯಾದಾಗಿನಿಂದ ಈ ಮನೆಯ ಬಾಬಿನ್ ಸುತ್ತಿದವಳು, ಮಗ್ಗಕ್ಕೆ ಆಳು ಬರದ ದಿನ ತಾನೇ ನಿಂತು ನೇಯ್ದವಳು. ಟೈಲ್ಸಿನ ಬಣ್ಣ ಯಾವುದಿರಬೇಕು, ಪೆಟ್ಟಿಗೆ ಎಲ್ಲಿರಬೇಕು, ಪೈಪು ಎಲ್ಲಿ ಅಡಗಬೇಕು ಎಂದು ಜಗಲಿಯಲ್ಲಿ ಕೂತು ತೀರ್ಮಾನ ಮಾಡಿದ ಗಂಡಸರಲ್ಲಿ ಒಬ್ಬನಾದರೂ ಅದರ ಕೆಳಗೆ ಮಲಗುವವರು ಯಾರು ಎಂದು ಕೇಳಿರಲಿಲ್ಲ.

"ಕೂಸು ಉಳಿದ್ರೆ ತಾನೇನ್ರೀ ನಾಮಕರಣ," ಎಂದಳು.

ಶುಭಕಾರ್ಯ ಇಟ್ಟುಕೊಂಡ ಮನೆಯಲ್ಲಿ ಆಡಬಾರದ ಮಾತು. ಅವಳು ಕೆಂಪರಾಜುವಿನ ಚೀಲದಿಂದ ಸುತ್ತಿಗೆ, ಉಳಿ ತೆಗೆದುಕೊಂಡು ಮಂಚವನ್ನು ಎಳೆದು ಬದಿಗೆ ಸರಿಸಿದಳು. ಸ್ಟೂಲು ಹತ್ತಿ, ಕಲೆ ಶುರುವಾದ ಜಾಗಕ್ಕೆ ಉಳಿ ಇಟ್ಟು ಹೊಡೆದಳು. ಹೊಸ ಬಣ್ಣದ ಚಕ್ಕೆ ಎದ್ದಿತು. ಮತ್ತೆ ಹೊಡೆದಳು. ಎಣ್ಣೆ ಕುಡಿದ ಗಾರೆ ಮೆತ್ತಗಾಗಿ, ಹಸಿ ಹಿಟ್ಟಿನಂತೆ ಅವಳ ಕೈಮೇಲೆ ಉದುರಿತು.

ಅಂಗಡಿಯವನ ಅಪ್ಪಣೆ ಇಲ್ಲದೆ ಗೋಡೆ ಮುಟ್ಟುವುದಿಲ್ಲ ಎಂದು ಆವರೆಗೆ ನಿಂತಿದ್ದ ಕೆಂಪರಾಜು ಹತ್ತಿರ ಬಂದ. "ಇಳೀರಮ್ಮ. ನೀವು ಹಿಂಗೆ ಹೊಡೆದ್ರೆ ಪೈಪಿಗೆ ಬೀಳ್ತದೆ. ಕೊಡಿ ಇಲ್ಲಿ." ಅವನು ಉಳಿಯನ್ನು ಓರೆಯಾಗಿ ಹಿಡಿದು ಗಾರೆಯನ್ನು ಪದರ ಪದರವಾಗಿ ಎಬ್ಬಿಸಿದ. ಅವಳು ಕೆಳಗೆ ನಿಂತು, ಎದ್ದ ಚೂರುಗಳನ್ನು ಬರಿಗೈಯಲ್ಲಿ ಕಿತ್ತು ಹಾಕುತ್ತಾ ಹೋದಳು. ಗಾರೆ ಬಿಟ್ಟುಕೊಂಡಿತು. ಕಪ್ಪು ಸ್ಪಂಜು ಕಂಡಿತು. ಅದನ್ನು ಬ್ಲೇಡಿನಿಂದ ಸೀಳಿದಾಗ ಒಳಗೆ ತಾಮ್ರ, ತಾಮ್ರದ ನಡುವೆ ಹಿತ್ತಾಳೆಯ ಜಾಯಿಂಟು. ಎಣ್ಣೆಯಲ್ಲಿ ಮಿಂದು ಹೊಳೆಯುತ್ತಿತ್ತು.

ಕೆಂಪರಾಜು ಸೋಪಿನ ನೀರು ಬಳಿದ. ನಟ್ಟಿನ ಅಂಚಿನಲ್ಲಿ ಒಂದು ಗುಳ್ಳೆ ಎದ್ದು, ದ್ರಾಕ್ಷಿಯಷ್ಟಾಗಿ, ಒಡೆಯಿತು. ಅದರ ಜಾಗದಲ್ಲಿ ಇನ್ನೊಂದು ಎದ್ದಿತು. ಗುಳ್ಳೆಗಳು ಆತುರವಿಲ್ಲದೆ, ಕೂಸು ಬಾಯಲ್ಲಿ ಮಾಡುವ ಗುಳ್ಳೆಗಳ ಹಾಗೆ, ಒಂದರ ಹಿಂದೆ ಒಂದು ಬರುತ್ತಲೇ ಇದ್ದವು.

ಕೆಂಪರಾಜು ಹಿಂದಕ್ಕೆ ಓಡಿ ಪೆಟ್ಟಿಗೆಯ ಬಳಿ ವಾಲ್ವ್ ಮುಚ್ಚಿ ಬಂದ. ಅಷ್ಟರಲ್ಲಿ ಕೋದಂಡರಾಮಯ್ಯ ಸ್ಟೂಲು ಹತ್ತಿದ್ದ. ಜಾಯಿಂಟಿನ ನಟ್ಟನ್ನು ಹೆಬ್ಬೆಟ್ಟು, ತೋರುಬೆರಳಿನಲ್ಲಿ ಹಿಡಿದು ತಿರುಗಿಸಿದ. ಸ್ಪ್ಯಾನರ್ ಇಲ್ಲದೆಯೇ ಅದು ತಿರುಗಿತು. ಗೋಡೆಯ ಆಚೆ ಮಗ್ಗಗಳು ಓಡುತ್ತಿದ್ದವು. ಅವನ ಬೆರಳಿನಡಿ ನಟ್ಟು ಜುಮುಜುಮು ಎನ್ನುತ್ತಿತ್ತು. ಅವನಿಗೆ ಚೆನ್ನಾಗಿ ಪರಿಚಯವಿದ್ದ ನಡುಕ ಅದು. ಈ ನಡುಕಕ್ಕೆ ಹೆದರಿ ವಾರವಾರವೂ ಮಗ್ಗದ ಒಂದೊಂದು ಬೋಲ್ಟನ್ನೂ ಮುಟ್ಟಿ ಮುಟ್ಟಿ ಬಿಗಿಮಾಡುವವನು ಅವನೇ. ಒಂದು ಬೋಲ್ಟು ಸಡಿಲವಾದರೂ ಲಾಳಿ ಹಾರಿ ಆಳಿನ ಕಣ್ಣಿಗೆ ಬಡಿದೀತು ಎಂದು ಆಳುಗಳನ್ನು ಎಚ್ಚರಿಸುವವನೂ ಅವನೇ.

ಅವನು ಸ್ಟೂಲಿನಿಂದ ಇಳಿದು ಶೆಡ್ಡಿಗೆ ಹೋದ. ಸ್ವಲ್ಪ ಹೊತ್ತಿಗೆ ಮಗ್ಗಗಳು ಒಂದೊಂದಾಗಿ ನಿಂತವು. ಹಬ್ಬಕ್ಕೂ ಪೂರ್ತಿ ನಿಲ್ಲದ ಸದ್ದು ನಿಂತುಬಿಟ್ಟಾಗ ಜಗಲಿಯಲ್ಲಿದ್ದ ಕೂಸು ಬೆಚ್ಚಿ ಎದ್ದು ಅತ್ತಿತು.

ಆ ಹೊತ್ತಿಗೆ ಜಯಕುಮಾರ್ ಬಂದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಕಾರಿನ ಕೀ. ಜಗಲಿಯಲ್ಲಿ ಕೂಸನ್ನು ಕಂಡು ಮುದ್ದುಮಾಡಿ, ಥೇಟ್ ಅಜ್ಜಿಯ ಮೂಗು ಎಂದು ನಗಾಡುತ್ತಾ ಒಳಗೆ ಬಂದವನು ಗೋಡೆ ನೋಡಿ ನಗು ನುಂಗಿದ. ಕೆಂಪರಾಜುವನ್ನು ಒಮ್ಮೆ ದುರುಗುಟ್ಟಿ ನೋಡಿ, ಗಂಗಲಕ್ಷ್ಮಮ್ಮನ ಕಡೆ ತಿರುಗಿ ಸಮಾಧಾನದ ದನಿ ತೆಗೆದ. ಇದೊಂದು ದೊಡ್ಡ ವಿಷಯವೇ ಅಲ್ಲ, ಹೊಸ ನಟ್ಟು ಹಾಕಿಸಿ ಗಟ್ಟಿಯಾಗಿ ಬಿಗಿಸಿಕೊಡುತ್ತೇನೆ, ಸಂಜೆಯೊಳಗೆ ಗಾರೆ ಮೆತ್ತಿಸಿ ಬಣ್ಣವನ್ನೂ ಹೊಡೆಸುತ್ತೇನೆ, ಒಡೆದದ್ದು ಎಲ್ಲಿ ಎಂದು ನಿಮಗೇ ಗೊತ್ತಾಗುವುದಿಲ್ಲ ಎಂದ.

"ಗೊತ್ತಾಗದೆ ಇದ್ದಿದ್ದಕ್ಕೇ ತಾನೇ ಇಷ್ಟೆಲ್ಲ ಆಗಿದ್ದು," ಎಂದಳು ಗಂಗಲಕ್ಷ್ಮಮ್ಮ.

"ಅಕ್ಕ, ಊರಲ್ಲೆಲ್ಲ ಹಿಂಗೇ ಹಾಕೋದು. ನಿಮ್ಮ ಮನೇದೊಂದು ಬೇರೆ ಥರ ಇಲ್ಲ. ಸುಮ್ನೆ ಹೆದರ್ಕೋತಾ ಇದ್ದೀರ."

ಬಾಗಿಲಲ್ಲಿ ನಿಂತಿದ್ದ ಕೋದಂಡರಾಮಯ್ಯ ಆಗ ಬಾಯಿ ಬಿಟ್ಟ. "ಜಯಕುಮಾರ, ನನ್ನ ಮಗ್ಗದಾಗೆ ಒಂದು ನಟ್ಟಿಗಾದ್ರೂ ಗಾರೆ ಮೆತ್ತಿರೋದು ನೋಡಿದ್ದೀಯೇನಯ್ಯ?"

ಜಯಕುಮಾರ್ ಅವನ ಮುಖ ನೋಡಿದ. ತನ್ನ ಕಡೆಯವನು ಎಂದುಕೊಂಡವನು ಹೀಗೆ ತಿರುಗಿದ್ದು ಅವನಿಗೆ ಅರ್ಥವಾಗಲಿಲ್ಲ. ಗೋಡೆಯೊಳಗೆ ಹೋಗಲಿ ಎಂದವರು ನೀವೇ ಅಲ್ಲವೇ ಅಣ್ಣ, ಎಂದ. ಹೌದು ನಾನೇ, ಎಂದ ಕೋದಂಡರಾಮಯ್ಯ. ಪೆಟ್ಟಿಗೆಯನ್ನು ಜಗಲಿಗೇ ತರಲಿ, ಟೈಲ್ಸ್ ಒಡೆದರೆ ಒಡೆಯಲಿ. ಪೈಪು ಗೋಡೆ ದಾಟಿ ನೆಟ್ಟಗೆ ಹೋಗಲಿ, ನಡುವೆ ತುಂಡು ಬೇಡ. ಜಾಯಿಂಟು ಅಂತ ಇರುವುದು ಎರಡೇ ತುದಿಯಲ್ಲಿ, ಕೈಗೆಟುಕುವ ಹಾಗೆ, ಕಣ್ಣಿಗೆ ಕಾಣುವ ಹಾಗೆ ಇರಲಿ. ಇಷ್ಟನ್ನು ಅವನು ಹೆಂಡತಿಯ ಮುಖ ನೋಡದೆ ಹೇಳಿದ. ಅವಳೂ ನೋಡಲಿಲ್ಲ. ಇಷ್ಟು ದಿನ ಎಲ್ಲಿ ಹೋಗಿತ್ತು ಈ ಬುದ್ಧಿ ಎಂದು ಕೇಳುವುದಿತ್ತು, ಅದನ್ನು ಇನ್ನೊಂದು ದಿನಕ್ಕೆ ಇಟ್ಟುಕೊಂಡಳು.

"ಮುಳ್ಳು ಇಳೀತದಾ ಇಲ್ವಾ ಅಂತ ಒಂದಿನ ಬಿಟ್ಟು ನೋಡ್ಬೇಕು," ಎಂದು ಕೆಂಪರಾಜು ಮೂಲೆಯಿಂದ ಸೇರಿಸಿದ. "ಮಗ್ಗ ಓಡಿಸ್ಕೊಂಡೇ ನೋಡ್ಬೇಕು. ಆಮೇಲೇ ಗ್ಯಾಸು."

ನಿನ್ನನ್ನು ಯಾರೂ ಕೇಳಲಿಲ್ಲ ಎಂದ ಜಯಕುಮಾರ್. ಅವನು ಹೇಳಿದ್ದು ಅಷ್ಟೇ. ಆದರೆ ಗಂಗಲಕ್ಷ್ಮಮ್ಮನ ಕಿವಿಯಲ್ಲಿ ಸ್ವಲ್ಪ ಮೊದಲು ಅವನೇ ಆಡಿದ ಮಾತು ಇನ್ನೂ ಕೂತಿತ್ತು. ಊರಲ್ಲೆಲ್ಲ ಹಿಂಗೇ ಹಾಕೋದು. ಅವಳು ಕೆಂಪರಾಜುವಿನ ಎದುರಿಗೆ ಹೋಗಿ ನಿಂತಳು.

"ಇದೇ ಥರ ಇನ್ಯಾರ ಮನೇಲಿ ಮುಚ್ಚಿ ಬಂದಿದ್ದೀಯ?"

ಅದೆಲ್ಲ ಈಗ ಯಾಕಕ್ಕ ಎಂದು ಜಯಕುಮಾರ್ ನಡುವೆ ಬಂದ. ಊರಿನ ಉಸಾಬರಿ ನಮಗೇಕೆ, ನಿಮ್ಮದನ್ನು ಸರಿ ಮಾಡಿಕೊಡುತ್ತೇನಲ್ಲ ಎಂದ. ಅವಳು ಅವನನ್ನು ಕೈಯಿಂದ ಪಕ್ಕಕ್ಕೆ ಸರಿಸಿದಳು. ಇಸ್ತ್ರಿಯ ಅಂಗಿಯ ತೋಳಿಗೆ ಗಾರೆ ಮೆತ್ತಿಕೊಂಡಿತು.

ಕೆಂಪರಾಜು ಅಂಗಡಿಯವನನ್ನು ಒಮ್ಮೆ, ಗೋಡೆಯ ತೂತನ್ನು ಒಮ್ಮೆ ನೋಡಿದ. ಸುಮಾರಾಗಿವೆ ಎಂದ. ಈ ಬೀದಿಯಲ್ಲಿ ಎಂದರೆ ಅಪ್ಪಯ್ಯಣ್ಣನ ಮನೆ. ಅಲ್ಲೂ ಮಗ್ಗದ ಗೋಡೆಯೇ.

"ಅಲ್ಲಿ ಯಾರು ಮಲಗೋದು?"

"ಅವರ ತಾಯಿ. ಸೊಂಟ ಮುರಿದು ಮಲಗವ್ರಲ್ಲ, ಅಜ್ಜಿ." ಅವನ ದನಿ ತಗ್ಗಿತು. "ಮಂಚದ ಪಕ್ಕದಾಗೇ ದೇವರ ಗೂಡು ಅಮ್ಮ. ದೀಪ ಆರಿಸಲ್ಲ ಅವ್ರು."

ಗಂಗಲಕ್ಷ್ಮಮ್ಮ ಚಪ್ಪಲಿ ಮೆಟ್ಟಲಿಲ್ಲ. ಜಗಲಿ ಇಳಿಯುವಾಗ ಅನಿತ ಎಲ್ಲಿಗಮ್ಮ ಎಂದರೂ ನಿಲ್ಲದೆ ಬೀದಿಗೆ ನಡೆದಳು. ಬೀದಿ ಮಧ್ಯಾಹ್ನದ ಬಿಸಿಲಿಗೆ ಕಾದು ಅಂಗಾಲು ಸುಡುತ್ತಿತ್ತು. ಎರಡೂ ಕಡೆ ಮನೆಗಳಿಂದ ಮಗ್ಗದ ಸದ್ದು, ಗೋಡೆಗಳ ಮೇಲೆ, ಮಾಡಿನ ಮೇಲೆ ಬಿಳಿಯ ಪೆಟ್ಟಿಗೆಗಳು. ನಿನ್ನೆಯವರೆಗೆ ಅವನ್ನು ಅವಳು ಎಣಿಕೆಗೆ ತೆಗೆದುಕೊಂಡಿರಲಿಲ್ಲ. ಹಿಂದೆ ಜಯಕುಮಾರ್ ಏನೋ ಕೂಗುತ್ತಿದ್ದ. ಹೋದರೆ ನಾಳೆಯಿಂದ ಅಂಗಡಿಗೆ ಬರಬೇಡ ಎಂದು ಕೆಂಪರಾಜುವಿಗೆ ಹೇಳುತ್ತಿದ್ದ. ಅವಳು ತಿರುಗಿ ನೋಡಲಿಲ್ಲ. ಸ್ವಲ್ಪ ದೂರ ಹೋದಮೇಲೆ ಚೀಲದಲ್ಲಿ ಕಬ್ಬಿಣದ ಸಾಮಾನು ಕುಲುಕುವ ಸದ್ದು ಹಿಂದಿನಿಂದ ಬಂತು.

ಅಪ್ಪಯ್ಯಣ್ಣನ ಮನೆಯ ಬಾಗಿಲು ಮುಚ್ಚಿತ್ತು. ತಂಪು ಆಚೆ ಹೋಗಬಾರದೆಂದು ಕಿಟಕಿಗಳನ್ನೂ ಹಾಕಿಕೊಂಡಿದ್ದರು. ಒಳಗೆ ಮಗ್ಗಗಳು ಭರದಿಂದ ಓಡುತ್ತಿದ್ದವು. ಗಂಗಲಕ್ಷ್ಮಮ್ಮ ಚಿಲಕ ಬಡಿದಳು, ಹೆಸರು ಹಿಡಿದು ಕೂಗಿದಳು. ಕೇಳಿಸಿದ ಗುರುತಿಲ್ಲ. ಅವಳು ಚಿಲಕ ಬಿಟ್ಟು ಅಂಗೈಯಲ್ಲೇ ಬಡಿಯತೊಡಗಿದಳು. ಹಸಿರು ಬಣ್ಣದ ಬಾಗಿಲಿನ ಮೇಲೆ ಗಾರೆ ಮೆತ್ತಿದ ಕೈಯ ಬೂದುಬಿಳಿ ಗುರುತು ಒಂದು ಮೂಡಿತು, ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು.